ಓದುಗರ ಪ್ರಶ್ನೆ, ವೈದ್ಯರ ಉತ್ತರ: ಶಾಲಾ ಮಕ್ಕಳ ಮಾಸ್ಕ್ ನಿಯಮ ಪದೇ ಪದೇ ಬದಲಾದದ್ದೇಕೆ?

ಕೋವಿಡ್ ಕಾಲದಲ್ಲಿ ಶಾಲೆಗಳ ಮಾಸ್ಕ್ ನಿಯಮ ಹೇಗೆಲ್ಲ ಬದಲಾಯಿತು ಎಂಬುದರ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: 2020ರ ಮಾರ್ಚ್‌ನಲ್ಲಿ ಆರೋಗ್ಯವಾಗಿರುವವರಿಗೆ ಮಾಸ್ಕ್ ಬೇಡ ಎಂದರು. ಏಪ್ರಿಲ್‌ನಲ್ಲಿ ಮನೆಯಲ್ಲೇ ಹೊಲಿದು ಕಟ್ಟಿಕೊಳ್ಳಿ ಎಂದರು. ಶಾಲೆ ತೆರೆದ ಮೇಲೆ ಮಾಸ್ಕ್ ಮರೆತ ನನ್ನ ಮಗಳನ್ನು ಗೇಟಿನಲ್ಲೇ ನಿಲ್ಲಿಸಿದರು. ಆಮೇಲೆ ಚಿಕ್ಕ ಮಕ್ಕಳಿಗೆ ಮಾಸ್ಕ್ ಅಗತ್ಯವಿಲ್ಲವೆಂದು ಪತ್ರಿಕೆಯಲ್ಲಿ ಓದಿದೆ. ಮುಂದೆ ಇಂಥದೇ ಕಾಯಿಲೆ ಬಂದರೆ ಸರ್ಕಾರ ಹೇಳಿದ್ದನ್ನು ಯಾವ ಧೈರ್ಯದಿಂದ ನಂಬುವುದು?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟು ಸಲ್ಲಬೇಕಾದದ್ದು ನಿಯಮ ಬದಲಾದುದಕ್ಕಲ್ಲ, ಬದಲಾವಣೆಯ ಕಾರಣವನ್ನು ನಿಮಗೆ ಯಾರೂ ಹೇಳದೆ ಹೋದುದಕ್ಕೆ.

ಮೊದಲ ತಿಂಗಳುಗಳಲ್ಲಿ 'ಬೇಡ' ಎಂದುದರ ಹಿಂದೆ ಎರಡು ಕಾರಣಗಳಿದ್ದವು. ಆಸ್ಪತ್ರೆಯ ದಾದಿಯರಿಗೂ ವೈದ್ಯರಿಗೂ ಸಾಲುವಷ್ಟು ಮಾಸ್ಕ್ ಆಗ ಜಗತ್ತಿನಲ್ಲೆಲ್ಲೂ ಇರಲಿಲ್ಲ. ಜನ ಮುಗಿಬಿದ್ದು ಕೊಂಡರೆ ರೋಗಿಯ ಪಕ್ಕದಲ್ಲಿ ನಿಲ್ಲುವವರಿಗೇ ಇಲ್ಲವಾಗುವ ಭಯವಿತ್ತು. ಎರಡನೆಯದಾಗಿ, ಕೆಮ್ಮಿದಾಗ, ಸೀನಿದಾಗ ಹಾರಿ ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುವ ದೊಡ್ಡ ಹನಿಗಳಿಂದಲೇ ಈ ಸೋಂಕು ಹೆಚ್ಚಾಗಿ ಹರಡುತ್ತದೆಂಬ ತಿಳಿವಳಿಕೆ ಆಗ ಬಲವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್ 6ರ ಮಾರ್ಗಸೂಚಿಯಲ್ಲೂ, ಆರೋಗ್ಯವಂತರು ಹೊರಗೆ ಮಾಸ್ಕ್ ಧರಿಸುವುದರಿಂದ ಸೋಂಕು ತಪ್ಪುತ್ತದೆ ಎನ್ನಲು ಪುರಾವೆಯಿಲ್ಲವೆಂದೇ ಬರೆದಿತ್ತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೆ ಎರಡು ದಿನ ಮೊದಲು, ಏಪ್ರಿಲ್ 4ರಂದೇ, ಮನೆಯಲ್ಲಿ ತಯಾರಿಸಿದ ಬಟ್ಟೆಯ ಮುಖಗವಸನ್ನು ಧರಿಸುವಂತೆ ಸಲಹೆ ನೀಡಿತ್ತು. ವೈದ್ಯಕೀಯ ಮಾಸ್ಕ್ ಆಸ್ಪತ್ರೆಗಳಿಗೆ ಉಳಿಯಬೇಕು, ಉಳಿದವರ ಮುಖಕ್ಕೂ ಏನಾದರೊಂದು ರಕ್ಷಣೆ ಇರಬೇಕು ಎಂಬ ಲೆಕ್ಕ ಅದರಲ್ಲಿತ್ತು, ಮತ್ತು ಆ ಲೆಕ್ಕ ಸರಿಯಾಗಿಯೇ ಇತ್ತು.

ರೋಗಲಕ್ಷಣ ಕಾಣಿಸಿಕೊಳ್ಳುವ ಮೊದಲೇ, ಕೆಲವರಲ್ಲಿ ಲಕ್ಷಣವೇ ಇಲ್ಲದೆ, ಸೋಂಕು ಹರಡುತ್ತದೆ ಎಂಬುದು ಸ್ಪಷ್ಟವಾಗುತ್ತ ಹೋದಂತೆ 'ಕಾಯಿಲೆಯವರು ಮಾತ್ರ ಧರಿಸಲಿ' ಎಂಬ ಮಾತಿಗೆ ಅರ್ಥ ಉಳಿಯಲಿಲ್ಲ. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ನಿಲುವನ್ನು ಬದಲಿಸಿ, ಸೋಂಕು ಹರಡುತ್ತಿರುವ ಕಡೆ, ಅಂತರ ಕಾಯ್ದುಕೊಳ್ಳಲಾಗದ ಸ್ಥಳಗಳಲ್ಲಿ ಮೂರು ಪದರದ ಬಟ್ಟೆಯ ಮಾಸ್ಕ್ ಧರಿಸಲು ಹೇಳಿತು. ಮಕ್ಕಳ ಮಾತು ಬಂದದ್ದು ಆಗಸ್ಟ್ 21ರಂದು, ಯುನಿಸೆಫ್ ಜೊತೆ ಸೇರಿ ಅದು ಹೊರಡಿಸಿದ ಮಾರ್ಗಸೂಚಿಯಲ್ಲಿ: ಐದು ವರ್ಷದವರೆಗಿನವರಿಗೆ ಅಗತ್ಯವಿಲ್ಲ, ಆರರಿಂದ ಹನ್ನೊಂದು ವರ್ಷದವರ ವಿಷಯವನ್ನು ಊರಿನಲ್ಲಿ ಸೋಂಕು ಎಷ್ಟಿದೆ, ಮಗು ಸರಿಯಾಗಿ ಧರಿಸಬಲ್ಲದೇ, ನೋಡಿಕೊಳ್ಳುವ ದೊಡ್ಡವರಿದ್ದಾರೆಯೇ ಎಂಬುದನ್ನು ನೋಡಿ ನಿರ್ಧರಿಸಬೇಕು, ಹನ್ನೆರಡು ದಾಟಿದವರಿಗೆ ದೊಡ್ಡವರ ನಿಯಮವೇ ಅನ್ವಯ. ನೀವು ಪತ್ರಿಕೆಯಲ್ಲಿ ಆಮೇಲೆ ಓದಿದ ಮಾತಿನ ಮೂಲ ಇದೇ. ನಿಮ್ಮ ಮಗಳನ್ನು ಗೇಟಿನಲ್ಲಿ ನಿಲ್ಲಿಸುವ ಹೊತ್ತಿಗೆ ಅದು ಹಳೆಯ ಸಂಗತಿಯಾಗಿತ್ತು, ನಿಮ್ಮವರೆಗೆ ಬಂದಿರಲಿಲ್ಲ ಅಷ್ಟೆ.

ಹಾಗಾದರೆ ನಂಬಿಕೆ ಕೆಟ್ಟದ್ದು ಎಲ್ಲಿ? 'ಮಾಸ್ಕ್ ಸದ್ಯ ಸಾಲದು, ದಾದಿಯರಿಗೆ ಬಿಟ್ಟುಕೊಡಿ, ಪೂರೈಕೆ ಹೆಚ್ಚಿದ ಮೇಲೆ ನಿಯಮ ಬದಲಾಗುತ್ತದೆ' ಎಂದಿದ್ದರೆ ನಮ್ಮ ಜನ ಒಪ್ಪುತ್ತಿದ್ದರು. ಅನೇಕ ದೇಶಗಳ ಅಧಿಕಾರಿಗಳು ಅದರ ಬದಲು 'ಮಾಸ್ಕ್‌ನಿಂದ ಪ್ರಯೋಜನವಿಲ್ಲ' ಎಂಬ ಧ್ವನಿಯಲ್ಲಿ ಮಾತನಾಡಿದರು. ಪ್ರಯೋಜನವಿಲ್ಲವೆಂದದ್ದನ್ನು ಎರಡು ತಿಂಗಳಲ್ಲಿ ಕಡ್ಡಾಯ ಮಾಡಿದರೆ ಕೇಳಿಸಿಕೊಂಡವರಿಗೆ ಮೋಸವಾದಂತೆ ಅನ್ನಿಸುವುದು ಸಹಜ. ಮುಂದಿನ ಸಲ ಯಾವುದೇ ಸುತ್ತೋಲೆ ಬಂದಾಗ ಏನು ಮಾಡಬೇಕೆಂಬುದರ ಜೊತೆಗೆ ಏಕೆ ಮತ್ತು ಎಲ್ಲಿಯವರೆಗೆ ಎಂಬುದೂ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಶಾಲೆಯ ಪೋಷಕರ ಸಭೆಯಲ್ಲಿ ಕೇಳಿ. ಹಾಗೆ ಕೇಳುವುದು ಅವಿಧೇಯತೆಯಲ್ಲ.

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕಿರಿಯರ ತರಗತಿಗಳು ಮತ್ತೆ ಆರಂಭವಾದಾಗ ಎಲ್ಲ ಮಕ್ಕಳಿಗೂ ಮಾಸ್ಕ್ ಹಾಕಿಸಿದೆವು. ಆರೋಗ್ಯ ಇಲಾಖೆಯವರ ಮಾರ್ಗಸೂಚಿಯಲ್ಲಿ ವಯಸ್ಸಿನ ವಿನಾಯಿತಿ ಇತ್ತೆಂದು ಆಮೇಲೆ ತಿಳಿಯಿತು. ಒಂದೇ ಸರ್ಕಾರದಿಂದ ಎರಡು ಮಾತು ಬಂದರೆ ಮುಖ್ಯೋಪಾಧ್ಯಾಯನಾದವನು ಯಾವುದನ್ನು ಪಾಲಿಸಬೇಕು?
(ಒಬ್ಬ ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ)

ಉತ್ತರ: ಗೊಂದಲದ ಬೇರು ಇರುವುದು ಇಲ್ಲಿ: ಆರೋಗ್ಯದ ಮಾರ್ಗಸೂಚಿಗಳು ಮಕ್ಕಳನ್ನು ವಯಸ್ಸಿನಿಂದ ವಿಂಗಡಿಸಿದವು, ಶಾಲೆ ತೆರೆಯುವ ಆದೇಶಗಳು ತರಗತಿಯಿಂದ ವಿಂಗಡಿಸಿದವು. ನಮ್ಮ ರಾಜ್ಯದಲ್ಲಿ ಎರಡನೇ ಅಲೆಯ ನಂತರ 2021ರ ಆಗಸ್ಟ್ 23ರಂದು, ಪಾಸಿಟಿವಿಟಿ ದರ (ಪರೀಕ್ಷೆಗಳಲ್ಲಿ ಸೋಂಕು ಪತ್ತೆಯಾದ ಪ್ರಮಾಣ) ಶೇ 2ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳಲ್ಲಿ, ಒಂಬತ್ತನೇ ತರಗತಿಯಿಂದ ಪಿಯುಸಿವರೆಗೆ ತೆರೆಯಲಾಯಿತು. ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು, ನವೆಂಬರ್ 8ರಂದು ಎಲ್‌ಕೆಜಿ, ಯುಕೆಜಿ ಆರಂಭವಾದವು. ದೊಡ್ಡ ಮಕ್ಕಳಿಂದ ಚಿಕ್ಕವರ ಕಡೆಗೆ ಹೀಗೆ ಮೆಟ್ಟಿಲಿಳಿದು ಬರುವಾಗ ಮಾಸ್ಕ್ ನಿಯಮವೂ ಮೆಟ್ಟಿಲಿಗೊಂದರಂತೆ ಬದಲಾಗಬೇಕಿತ್ತು. ಆದರೆ ಹತ್ತನೇ ತರಗತಿಗೆ ಅನ್ವಯಿಸಿದ ಶಿಸ್ತನ್ನೇ ಅನೇಕ ಶಾಲೆಗಳು ಒಂದನೇ ತರಗತಿಗೂ ಇಳಿಸಿದವು. ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಶಿಫಾರಸು ಮಾಡುವುದಿಲ್ಲವೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದೇ ವರ್ಷದ ಜೂನ್‌ನಲ್ಲೇ ಹೇಳಿಯಾಗಿತ್ತು. 2022ರ ಜನವರಿ 20ರಂದು ಆರೋಗ್ಯ ಸಚಿವಾಲಯದ ಪರಿಷ್ಕೃತ ಮಾರ್ಗಸೂಚಿ ಅದನ್ನೇ ಮತ್ತೆ ಹೇಳಿತು. ನಿಮ್ಮ ಒಂದನೇ ತರಗತಿಯಲ್ಲಿ ಐದೂವರೆ ವರ್ಷದ ಮಗುವೂ ಏಳು ತುಂಬಿದ ಮಗುವೂ ಒಟ್ಟಿಗೆ ಕೂರುತ್ತಾರಾದ್ದರಿಂದ, ವಯಸ್ಸಿನ ಗೆರೆ ಹೆಚ್ಚುಕಡಿಮೆ ಆ ಕೋಣೆಯ ಬಾಗಿಲಲ್ಲೇ ಬಂದು ನಿಲ್ಲುತ್ತಿತ್ತು.

ನಲಿ-ಕಲಿ ಕೋಣೆಯೊಂದನ್ನು ಕಣ್ಣೆದುರು ತಂದುಕೊಂಡರೆ ಈ ನಿಯಮದ ಕಷ್ಟ ತಾನಾಗಿಯೇ ಅರ್ಥವಾಗುತ್ತದೆ. ಮೂರು ತರಗತಿಯ ಮಕ್ಕಳು ಗುಂಪುಗುಂಪಾಗಿ ತಲೆಗೆ ತಲೆ ತಾಗಿಸಿ ಕೂತು, ಕಾರ್ಡು ಕೈಬದಲಾಯಿಸುತ್ತ, ಹಾಡಿಗೆ ದನಿಗೂಡಿಸುತ್ತ ಕಲಿಯುವ ಪದ್ಧತಿ ಅದು. ಅರ್ಧ ಗಂಟೆಯೊಳಗೆ ಬಟ್ಟೆಯ ಮಾಸ್ಕ್ ಉಸಿರಿಗೂ ಜೊಲ್ಲಿಗೂ ಒದ್ದೆಯಾಗುತ್ತದೆ, ದಾರ ಸಡಿಲಾಗಿ ಗಲ್ಲಕ್ಕೆ ಜಾರುತ್ತದೆ, ಮಗು ಅದೇ ಕೈಯಿಂದ ಎಳೆದು ಮೂಗಿನ ಮೇಲೆ ಕೂರಿಸಿಕೊಳ್ಳುತ್ತದೆ, ಪಕ್ಕದ ಗೆಳತಿಯ ಮಾಸ್ಕ್‌ನ ಮೇಲಿನ ಚಿತ್ರ ಚೆನ್ನಾಗಿದೆಯೆಂದು ಇಬ್ಬರೂ ಅದಲುಬದಲು ಮಾಡಿಕೊಳ್ಳುತ್ತಾರೆ. ಹಾಲು ಕುಡಿಯುವಾಗ, ಬಿಸಿಯೂಟದ ಪಂಕ್ತಿಯಲ್ಲಿ ಎಲ್ಲರ ಮಾಸ್ಕೂ ಕಳಚುತ್ತದೆ, ಎಲ್ಲರೂ ಮಾತನಾಡುವುದೂ ಆಗಲೇ. ಆ ಮಕ್ಕಳನ್ನು ದಿನವೂ ನೋಡುವ ಶಿಕ್ಷಕಿಗೆ ಯಾರು ಧರಿಸಬಲ್ಲರು, ಯಾರು ಧರಿಸಲಾರರು ಎಂಬುದು ಗೊತ್ತಿರುತ್ತದೆ. ಆರರಿಂದ ಹನ್ನೊಂದು ವರ್ಷದವರ ವಿಷಯದಲ್ಲಿ ಮಾರ್ಗಸೂಚಿ ಕೇಳುತ್ತಿದ್ದುದೂ ಅಂಥ ವಿವೇಚನೆಯನ್ನೇ. ಅದನ್ನು ಶಿಕ್ಷಕರಿಗೆ ಬರವಣಿಗೆಯಲ್ಲಿ ಕೊಡದೆ 'ಕಡ್ಡಾಯ' ಎಂಬ ಒಂದೇ ಪದದಲ್ಲಿ ಮುಗಿಸಿದ್ದರಿಂದ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಭೇಟಿಗೆ ಬಂದಾರೆಂಬ ಅಂಜಿಕೆಯಲ್ಲಿ ಶಾಲೆಗಳು ನಡೆದವು.

ಇನ್ನೊಂದು ಮಾತನ್ನು ನಾನು ಹೇಳಲೇಬೇಕು. 2021ರ ಏಪ್ರಿಲ್-ಮೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯೂ, ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುವ ಸೂಕ್ಷ್ಮ ಹನಿಗಳಿಂದಲೂ ಸೋಂಕು ಹರಡುತ್ತದೆಂದು ತಮ್ಮ ಪ್ರಕಟಣೆಗಳಲ್ಲಿ ಒಪ್ಪಿಕೊಂಡಿದ್ದವು. ಇದನ್ನು ಒಪ್ಪಿದ ಮೇಲೆ ಶಾಲೆಯ ಮೊದಲ ಪ್ರಶ್ನೆ ಕಿಟಕಿಯದ್ದಾಗಬೇಕಿತ್ತು. ತುಕ್ಕು ಹಿಡಿದ ಚಿಲಕ ಬಿಡಿಸಿ ಎದುರುಬದುರಿನ ಎರಡು ಕಿಟಕಿ ತೆರೆಯುವುದು, ಜಗಲಿಯಲ್ಲಿ ಪಾಠ ಮಾಡುವುದು, ಊಟಕ್ಕೆ ಅಂಗಳದಲ್ಲಿ ಕೂರಿಸುವುದು ಇವೆಲ್ಲ ನಮ್ಮ ಹಳ್ಳಿ ಶಾಲೆಗಳಿಗೆ ಸಾಧ್ಯವಿದ್ದ ಕೆಲಸಗಳು. 2020ರ ಆಗಸ್ಟ್‌ನಲ್ಲಿ ಆರಂಭವಾದ, ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆಯಲ್ಲಿ ಮರದ ನೆರಳಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ಪಾಠ ಮಾಡಿದ ಅನುಭವ ನಮ್ಮ ಶಿಕ್ಷಕರಿಗಿತ್ತು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಬಯಲಿನಲ್ಲಿ ಕಲಿಸುವ ಆ ಅಭ್ಯಾಸವನ್ನಾದರೂ ಶಾಲೆ ತೆರೆದಾಗ ಉಳಿಸಿಕೊಂಡಿದ್ದರೆ ಮಕ್ಕಳಿಗೆ ಮಾಸ್ಕ್‌ಗಿಂತ ಹೆಚ್ಚಿನ ರಕ್ಷಣೆ ಸಿಗುತ್ತಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ನೇರ ಪ್ರಶ್ನೆಗೆ ಉತ್ತರ: ಇಲಾಖೆಯ ಆದೇಶ ನಿಮಗೆ ಬಂಧಕ. ಎರಡು ಇಲಾಖೆಗಳ ಮಾತು ಹೊಂದದಿದ್ದಾಗ, ಆರೋಗ್ಯ ಮಾರ್ಗಸೂಚಿಯ ಪ್ರತಿಯನ್ನು ಲಗತ್ತಿಸಿ, ಈ ವಯಸ್ಸಿನ ಮಕ್ಕಳಿಗೆ ಹೇಗೆ ನಡೆದುಕೊಳ್ಳಬೇಕೆಂದು ಬಿಇಒ ಕಚೇರಿಯಿಂದ ಲಿಖಿತ ಸ್ಪಷ್ಟನೆ ಕೇಳಿ, ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ದಾಖಲಿಸಿ. ಸ್ಪಷ್ಟನೆ ಬರುವವರೆಗೂ ಮಾಸ್ಕ್ ಇಲ್ಲವೆಂಬ ಕಾರಣಕ್ಕೆ ಪುಟ್ಟ ಮಗುವನ್ನು ಮನೆಗೆ ಕಳುಹಿಸಬೇಡಿ.

ಪ್ರಶ್ನೆ: ಶ್ರವಣದೋಷವುಳ್ಳ ಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ನಾನು ಮಾಸ್ಕ್ ಧರಿಸಿ ಪಾಠ ಮಾಡಿದ ತಿಂಗಳುಗಳಲ್ಲಿ ಮಕ್ಕಳ ಕಲಿಕೆ ಹಿಂದೆ ಬಿತ್ತು. ನಿಯಮದಲ್ಲಿ ನಮ್ಮಂಥವರಿಗೆ ಅವಕಾಶವೇ ಇರಲಿಲ್ಲವೇ?
(ಒಬ್ಬ ಶಿಕ್ಷಕಿ, ಮೈಸೂರು)

ಉತ್ತರ: ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2020ರ ಆಗಸ್ಟ್ ಮಾರ್ಗಸೂಚಿಯಲ್ಲೇ, ಬೆಳವಣಿಗೆಯ ತೊಂದರೆ ಅಥವಾ ಅಂಗವೈಕಲ್ಯವಿರುವ ಮಕ್ಕಳಿಗೆ ಯಾವ ವಯಸ್ಸಿನಲ್ಲೂ ಮಾಸ್ಕ್ ಕಡ್ಡಾಯವಾಗಬಾರದು, ಒಬ್ಬೊಬ್ಬರ ಸ್ಥಿತಿ ನೋಡಿ ನಿರ್ಧರಿಸಬೇಕು ಎಂದಿತ್ತು. ಕೇಳಿಸದವರೊಂದಿಗೆ ವ್ಯವಹರಿಸುವಾಗ ಮುಖ ಕಾಣುವಂಥ ಫೇಸ್ ಶೀಲ್ಡ್‌ನಂಥ ಪರ್ಯಾಯಗಳ ಪ್ರಸ್ತಾಪವೂ ಇತ್ತು. ಫೇಸ್ ಶೀಲ್ಡ್ ಮಾಸ್ಕ್‌ನಷ್ಟು ರಕ್ಷಣೆ ಕೊಡುವುದಿಲ್ಲ, ಬದಿಗಳಿಂದ ಗಾಳಿ ಸಲೀಸಾಗಿ ಒಳಬರುತ್ತದೆ. ಆದರೆ ಆರು ಅಡಿ ದೂರ ನಿಂತು, ಕಿಟಕಿ ತೆರೆದ ಕೋಣೆಯಲ್ಲಿ, ತುಟಿ ಕಾಣುವಂತೆ ಕಲಿಸುವುದು ನಿಮ್ಮ ಮಕ್ಕಳಿಗೆ ಸೌಕರ್ಯದ ಮಾತಲ್ಲ, ಪಾಠವೇ ಅದರ ಮೇಲೆ ನಿಂತಿದೆ. 'ಪಾಟಿ' ಎನ್ನುವಾಗ ತುಟಿ ಮುಚ್ಚಿ ತೆರೆಯುವುದೂ, 'ದಾಟಿ' ಎನ್ನುವಾಗ ನಾಲಿಗೆ ಹಲ್ಲಿಗೆ ತಾಗುವುದೂ ಕಾಣದಿದ್ದರೆ ಆ ಮಗುವಿಗೆ ಎರಡೂ ಒಂದೇ. ಶ್ರವಣಯಂತ್ರ ಹಾಕಿಕೊಂಡ ಮಗುವಿಗೆ ಮಾಸ್ಕ್‌ನ ಎಲಾಸ್ಟಿಕ್ ಅದೇ ಕಿವಿಯ ಹಿಂದೆ ಸಿಕ್ಕಿಹಾಕಿಕೊಂಡು, ಮಾಸ್ಕ್ ಕಳಚುವಾಗ ಯಂತ್ರವೂ ಕಳಚಿ ಬೀಳುವ ತೊಂದರೆ ಬೇರೆ; ತಲೆಯ ಹಿಂದೆ ಕಟ್ಟುವ ದಾರದ ಮಾಸ್ಕ್ ಇದ್ದರೆ ಇದು ತಪ್ಪುತ್ತದೆ.

ನಿಮ್ಮ ಶಾಲೆಯಂಥವುಗಳನ್ನು ಸಾಮಾನ್ಯ ಶಾಲೆಗಳ ಸುತ್ತೋಲೆಯ ಕೊನೆಯ ಸಾಲಾಗಿ ಅಲ್ಲ, ಪ್ರತ್ಯೇಕ ಆದೇಶವಾಗಿಯೇ ನೋಡಬೇಕು. ನೀವು ಗಮನಿಸಿದ ಕಲಿಕೆಯ ಹಿನ್ನಡೆಯನ್ನು, ಯಾವ ಮಗು ಯಾವ ಪಾಠದಲ್ಲಿ ಎಲ್ಲಿ ನಿಂತಿತೆಂಬ ವಿವರದೊಂದಿಗೆ ಈಗಲೇ ಬರೆದಿಡಿ. ಮುಂದೆ ನಿಯಮ ರೂಪಿಸುವವರಿಗೆ ನಿಮ್ಮ ಟಿಪ್ಪಣಿಯ ಅಗತ್ಯವಿದೆ.

ಪ್ರಶ್ನೆ: ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿಯೂ ಶಾಲೆಯ ಮಾಸ್ಕ್ ಸಲಹೆ ಬದಲಾಗುತ್ತಲೇ ಇತ್ತು. ಊರಿನಲ್ಲಿರುವ ಅಕ್ಕನ ಮಕ್ಕಳಿಗೆ ಒಂದು ನಿಯಮ, ನಮ್ಮ ಮಕ್ಕಳಿಗೆ ಇನ್ನೊಂದು. ವಿಜ್ಞಾನ ಒಂದೇ ಅಲ್ಲವೇ?
(ಒಬ್ಬ ಓದುಗರು, ಮ್ಯಾಂಚೆಸ್ಟರ್)

ಉತ್ತರ: ವಿಜ್ಞಾನ ಒಂದೇ ಆದರೂ ಅದರಿಂದ ನಿಯಮಕ್ಕೆ ಬರುವ ದಾರಿಯಲ್ಲಿ ಸೋಂಕಿನ ಪ್ರಮಾಣ, ಹವಾಮಾನ, ತರಗತಿಯ ಗಾತ್ರ ಹಾಗೂ ರಾಜಕೀಯ ಎಲ್ಲವೂ ಸೇರಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ 2020ರ ಬೇಸಿಗೆಯವರೆಗೂ ಶಾಲೆಯಲ್ಲಿ ಮಾಸ್ಕ್ ಬೇಡವೆಂಬ ಸಲಹೆಯಿತ್ತು. ಆಗಸ್ಟ್ 25ರಂದು ಸ್ಕಾಟ್ಲೆಂಡ್ ತನ್ನ ಪ್ರೌಢಶಾಲೆಗಳ ಕಾರಿಡಾರ್‌ಗಳಲ್ಲಿ ಮಾಸ್ಕ್ ಧರಿಸಬೇಕೆಂದು ಪ್ರಕಟಿಸಿದ ದಿನವೇ ಇಂಗ್ಲೆಂಡ್ ಕೂಡ, ಸ್ಥಳೀಯ ನಿರ್ಬಂಧವಿರುವ ಪ್ರದೇಶಗಳ ಮಟ್ಟಿಗೆ, ಹಾಗೆಯೇ ಹೇಳಿತು. 2021ರ ಮಾರ್ಚ್ 8ರಂದು ಶಾಲೆಗಳು ಮತ್ತೆ ತೆರೆದಾಗ ಪ್ರೌಢಶಾಲೆಯ ತರಗತಿಯೊಳಗೂ ಮಾಸ್ಕ್ ಬಂತು, ಮೇ 17ರಂದು ಹೋಯಿತು. ಒಮೈಕ್ರಾನ್ ಕಾಣಿಸಿಕೊಂಡ ಮೇಲೆ ನವೆಂಬರ್ ಕೊನೆಗೆ ಕಾರಿಡಾರ್‌ಗೆ, ಹೊಸ ವರ್ಷದಲ್ಲಿ ತರಗತಿಗೆ ಮರಳಿತು. 2022ರ ಜನವರಿ 20ರಂದು ತರಗತಿಯಿಂದಲೂ 27ರಂದು ಉಳಿದೆಡೆಯಿಂದಲೂ ಮತ್ತೆ ತೆರವಾಯಿತು.

ಅಲ್ಲಿನ ವ್ಯವಸ್ಥೆಯಲ್ಲಿ ಎರಡು ಸಂಗತಿಗಳು ನಮಗೆ ಬೇಕಾದವು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ರಾಷ್ಟ್ರಮಟ್ಟದಲ್ಲಿ ಮಾಸ್ಕ್ ಶಿಫಾರಸು ಮಾಡಲಿಲ್ಲ. ದೊಡ್ಡ ಮಕ್ಕಳ ವಿಷಯದಲ್ಲೂ ಮಾಸ್ಕ್ ಧರಿಸಿಲ್ಲವೆಂಬ ಕಾರಣಕ್ಕೆ ಯಾರಿಗೂ ಶಿಕ್ಷಣ ನಿರಾಕರಿಸಬಾರದೆಂದು ಮಾರ್ಗಸೂಚಿಯಲ್ಲೇ ಬರೆದಿದ್ದರು. ಜೊತೆಗೆ, ತರಗತಿಗೆ ಮಾಸ್ಕ್ ಮರಳಿಸಿದ 2022ರ ಜನವರಿಯ ನಿರ್ಧಾರದ ಹಿಂದಿನ ಪುರಾವೆಯನ್ನು ಶಿಕ್ಷಣ ಇಲಾಖೆ ಪ್ರಕಟಿಸಿತು. ಮಾಸ್ಕ್ ಬಳಸಿದ 123 ಪ್ರೌಢಶಾಲೆಗಳಲ್ಲಿ ಕೋವಿಡ್‌ನಿಂದಾದ ಗೈರುಹಾಜರಿ ಎರಡು ಮೂರು ವಾರಗಳಲ್ಲಿ ಶೇ 5.3ರಿಂದ 3.0ಕ್ಕೆ ಇಳಿದರೆ, ಬಳಸದ ಶಾಲೆಗಳಲ್ಲಿ 5.3ರಿಂದ 3.6ಕ್ಕೆ ಇಳಿದಿತ್ತು. ವ್ಯತ್ಯಾಸ ಚಿಕ್ಕದು, ಅದು ಖಚಿತವೂ ಅಲ್ಲವೆಂದು ಇಲಾಖೆಯೇ ಹೇಳಿಕೊಂಡಿತು. ಶೇ 80ರಷ್ಟು ವಿದ್ಯಾರ್ಥಿಗಳು ಮಾಸ್ಕ್‌ನಿಂದ ಮಾತುಕತೆಗೆ ತೊಡಕಾಗುತ್ತದೆಂದು ಸಮೀಕ್ಷೆಯಲ್ಲಿ ಹೇಳಿದ್ದನ್ನೂ ಅದೇ ವರದಿಯಲ್ಲಿ ಸೇರಿಸಿತು. ನಿರ್ಧಾರವನ್ನು ಒಪ್ಪದವರಿಗೂ ಅದರ ಮೇಲೆ ವಾದ ಮಾಡಲು ಆಧಾರ ಸಿಕ್ಕಿತು. ನಮ್ಮಲ್ಲಿ ಪರಿಣತರ ಸಮಿತಿಗಳು ಕೆಲಸ ಮಾಡಿದವು, ಆದರೆ ಪೋಷಕರ ಕೈಗೆ ಹೆಚ್ಚಾಗಿ ಬಂದದ್ದು ಆದೇಶ ಮಾತ್ರ.

ಪ್ರಶ್ನೆ: ಅಂತಿಮವಾಗಿ, ಶಾಲೆಯಲ್ಲಿ ಮಾಸ್ಕ್ ಧರಿಸಿದ್ದರಿಂದ ಸೋಂಕು ಕಡಿಮೆಯಾಯಿತೇ? ಹೌದೋ ಅಲ್ಲವೋ ಹೇಳಿ.
(ಒಬ್ಬ ಪೋಷಕರು, ಬೆಂಗಳೂರು)

ಉತ್ತರ: ಹೌದು-ಅಲ್ಲಗಳಲ್ಲಿ ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ದೊಡ್ಡವರ ಮೇಲೆ ನಡೆದ ಮುಖ್ಯ ಪ್ರಯೋಗ ಬಾಂಗ್ಲಾದೇಶದ್ದು. 600 ಹಳ್ಳಿಗಳ ಸುಮಾರು 3.4 ಲಕ್ಷ ವಯಸ್ಕರನ್ನು ಒಳಗೊಂಡ ಅದರಲ್ಲಿ, ಮಾಸ್ಕ್ ಹಂಚಿ ಪ್ರೋತ್ಸಾಹಿಸಿದ ಹಳ್ಳಿಗಳಲ್ಲಿ ಸರಿಯಾಗಿ ಧರಿಸುವವರ ಪ್ರಮಾಣ ಶೇ 13ರಿಂದ 42ಕ್ಕೆ ಏರಿತು. ರಕ್ತಪರೀಕ್ಷೆಯಲ್ಲಿ ದೃಢಪಟ್ಟ, ಲಕ್ಷಣಸಹಿತ ಸೋಂಕು ಸುಮಾರು ಶೇ 9ರಷ್ಟು ಕಡಿಮೆಯಾಯಿತು. ಸರ್ಜಿಕಲ್ ಮಾಸ್ಕ್‌ನ ಫಲ ಸ್ಪಷ್ಟವಾಗಿತ್ತು, ಅದರಲ್ಲೂ ಅರವತ್ತು ದಾಟಿದವರಲ್ಲಿ ಹೆಚ್ಚು. ಬಟ್ಟೆಯದ್ದು ಅಷ್ಟು ಸ್ಪಷ್ಟವಾಗಿರಲಿಲ್ಲ.

ಮಕ್ಕಳ ವಿಷಯದಲ್ಲಿ ಇಂಥ ಪ್ರಯೋಗದ ಬಲವಿಲ್ಲದೆ, ನಡೆದದ್ದನ್ನು ಗಮನಿಸಿದ ಅಧ್ಯಯನಗಳನ್ನೇ ನೆಚ್ಚಿಕೊಳ್ಳಬೇಕಾಗಿದೆ, ಮತ್ತು ಅವು ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2022ರ ಫೆಬ್ರುವರಿ ಕೊನೆಯಲ್ಲಿ ಶಾಲಾ ಮಾಸ್ಕ್ ಆದೇಶ ಹಿಂಪಡೆದಾಗ, ಬಾಸ್ಟನ್ ಸುತ್ತಲಿನ ಬಹುತೇಕ ಶಾಲಾ ಜಿಲ್ಲೆಗಳು ನಿಯಮ ಕೈಬಿಟ್ಟವು, ಬಾಸ್ಟನ್ ಮತ್ತು ಪಕ್ಕದ ಚೆಲ್ಸಿ ಉಳಿಸಿಕೊಂಡವು. ಕೈಬಿಟ್ಟ ಕಡೆ 15 ವಾರಗಳಲ್ಲಿ ಪ್ರತಿ ಸಾವಿರ ವಿದ್ಯಾರ್ಥಿ ಮತ್ತು ಸಿಬ್ಬಂದಿಗೆ ಸುಮಾರು 45 ಪ್ರಕರಣಗಳು ಹೆಚ್ಚು ಕಂಡುಬಂದವು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಆರು ವರ್ಷದಿಂದ ಮಾಸ್ಕ್ ಕಡ್ಡಾಯವಿತ್ತು, ಐದು ವರ್ಷದವರಿಗೆ ಇರಲಿಲ್ಲ. ಅಲ್ಲಿ ಐದು ಮತ್ತು ಆರರ ಮಕ್ಕಳನ್ನು ಹೋಲಿಸಿ ನೋಡಿದಾಗ ಸೋಂಕಿನಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ.

ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ತೋರುವುದು ಇಷ್ಟು. ಸರಿಯಾಗಿ ಧರಿಸಬಲ್ಲ ದೊಡ್ಡ ಮಕ್ಕಳಿಗೂ ಶಿಕ್ಷಕರಿಗೂ, ಊರಿನಲ್ಲಿ ಸೋಂಕು ಏರುತ್ತಿರುವ ವಾರಗಳಲ್ಲಿ, ಒಳ್ಳೆಯ ಮಾಸ್ಕ್ ಒಂದಿಷ್ಟು ರಕ್ಷಣೆ ಕೊಡುತ್ತದೆ. ಗಲ್ಲಕ್ಕೆ ಜಾರುವ ಒದ್ದೆ ಬಟ್ಟೆಯಿಂದ ಆರು ವರ್ಷದ ಮಗುವಿಗೆ ಆಗುವ ಲಾಭ ತೀರ ಅಲ್ಪ. ಹೀಗಿರುವಾಗ ಒಂದು ಆದೇಶ ಇಬ್ಬರಿಗೂ ವರ್ಷಗಟ್ಟಲೆ ಒಂದೇ ಆಗಿ ಇರಕೂಡದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು 2020ರ ಜೂನ್ ಕೊನೆಯಲ್ಲಿ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮಾಸ್ಕ್, ಅಂತರ, ಥರ್ಮಲ್ ತಪಾಸಣೆಗಳೊಂದಿಗೆ ನಡೆಸಿದಾಗ ಆ ಕೆಲವು ದಿನಗಳ ಕಟ್ಟುನಿಟ್ಟು ಸಮರ್ಥನೀಯವಾಗಿತ್ತು: ವಯಸ್ಸು, ಅವಧಿ, ಉದ್ದೇಶ ಮೂರೂ ಸ್ಪಷ್ಟವಿದ್ದವು.

ಪ್ರಶ್ನೆ: ಮೊಮ್ಮಗನ ಶಾಲೆಯಲ್ಲಿ ಹಲವು ಮಕ್ಕಳಿಗೆ ನೆಗಡಿ, ಜ್ವರ. ಎಲ್ಲರೂ ಮಾಸ್ಕ್ ಧರಿಸಿ ಬರಬೇಕೆಂದು ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬಂದಿದೆ. ಇದು ಈಗಲೂ ಸರ್ಕಾರದ ನಿಯಮವೇ?
(ಒಬ್ಬ ಹಿರಿಯರು, ತುಮಕೂರು)

ಉತ್ತರ: ಅಲ್ಲ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಹೊರಡಿಸಿದ್ದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡವು, ಆಮೇಲೆ ಮಾಸ್ಕ್ ಸಲಹೆಯಾಗಿ ಉಳಿಯಿತು. ಅದೇ ವರ್ಷದ ಡಿಸೆಂಬರ್ 26ರಂದು ಚೀನಾದ ಸೋಂಕಿನ ಸುದ್ದಿಯ ನಡುವೆ ನಮ್ಮ ರಾಜ್ಯ ಶಾಲಾ-ಕಾಲೇಜು, ಚಿತ್ರಮಂದಿರಗಳಲ್ಲಿ ಅದನ್ನು ಮತ್ತೆ ಕಡ್ಡಾಯವೆಂದಿತು. 2023ರ ಡಿಸೆಂಬರ್‌ನಲ್ಲಿ ಜೆಎನ್.1 ಎಂಬ ಕೊರೊನಾ ರೂಪಾಂತರಿ ಬಂದಾಗ ಸಲಹೆ ಮುಖ್ಯವಾಗಿ ಅರವತ್ತು ದಾಟಿದವರಿಗೂ ಬೇರೆ ಕಾಯಿಲೆಗಳಿದ್ದವರಿಗೂ ಇತ್ತು. 2025ರ ಮೇ ಕೊನೆಯ ರಾಜ್ಯದ ಸುತ್ತೋಲೆಯಂತೂ ಜ್ವರ, ಕೆಮ್ಮು, ನೆಗಡಿ ಇರುವ ಮಗುವನ್ನು ಶಾಲೆಗೇ ಕಳುಹಿಸಬೇಡಿ, ಶಾಲೆಗೆ ಬಂದ ಮೇಲೆ ಲಕ್ಷಣ ಕಂಡರೆ ಪೋಷಕರಿಗೆ ತಿಳಿಸಿ ಮನೆಗೆ ಕಳುಹಿಸಿ ಎಂದಿತು. ಇದು ಸರಿಯಾದ ಕ್ರಮ.

ಆದ್ದರಿಂದ ಶಾಲೆಯ ಸಂದೇಶವನ್ನು ಕೋರಿಕೆಯೆಂದು ತಿಳಿಯಿರಿ. ಮೊಮ್ಮಗ ಹೈಸ್ಕೂಲಿನವನಾಗಿದ್ದು ಧರಿಸಲು ಅಡ್ಡಿಯಿಲ್ಲದಿದ್ದರೆ ಒಂದು ವಾರ ಸರ್ಜಿಕಲ್ ಮಾಸ್ಕ್ ಧರಿಸಲಿ, ಊಟದ ನಂತರ ಬದಲಿಸಲು ಇನ್ನೊಂದನ್ನು ಚೀಲದಲ್ಲಿಡಿ. ಉಬ್ಬಸವಿರುವ ಮಗುವಾಗಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಅವನಿಗೇ ಜ್ವರ ಬಂದರೆ, ಪರೀಕ್ಷೆಯಿದೆ, ಹಾಜರಾತಿ ಕಡಿಮೆಯಾಗುತ್ತದೆ ಎಂದು ಮಾತ್ರೆ ಕೊಟ್ಟು ಕಳುಹಿಸಬೇಡಿ. ಜ್ವರ ಬಿಟ್ಟು ಒಂದು ದಿನ ಕಳೆಯುವವರೆಗೆ ಮನೆಯಲ್ಲಿರಲಿ. ಮತ್ತು ಶಾಲೆಗೆ ಹೋದಾಗ, ತರಗತಿಯ ಕಿಟಕಿಗಳು ತೆರೆದಿವೆಯೇ ಎಂದು ಒಮ್ಮೆ ನೋಡಿಕೊಂಡು ಬನ್ನಿ.